ಹಕ್ಕಿಗೂ ಒಂದು ಆ್ಯಪ್

ಫೋನಿನಲ್ಲಿ ಜಾಗವೇ ಇಲ್ಲ ಎಂದು ಗೊಣಗುವವರ ಗ್ಯಾಲರಿ ತೆರೆದು ನೋಡಿ, ಗುಡ್ ಮಾರ್ನಿಂಗ್ ಗುಲಾಬಿಗಳದ್ದೇ ರಾಶಿ. ಅವನ್ನು ಅಳಿಸಿ ಮರ್ಲಿನ್ ಹಾಕಿಕೊಳ್ಳಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರದವರು ಮಾಡಿದ ಈ ಆ್ಯಪಿಗೆ ಕಾಸು ಕೊಡಬೇಕಿಲ್ಲ. ಹಕ್ಕಿ ಕೂಗುವಾಗ ಫೋನ್ ಹಿಡಿದರಾಯಿತು. ಕೂಗನ್ನು ಸ್ಪೆಕ್ಟ್ರೋಗ್ರಾಮ್ ಎಂಬ ಚಿತ್ರವಾಗಿಸಿ, ಅದರ ಗೀಟುಗಳ ಚಹರೆ ನೋಡಿ ಹೆಸರು ಹೇಳುತ್ತದೆ. ನಮ್ಮ ಭಾಗದ ಹಕ್ಕಿಗಳ ಪ್ಯಾಕ್ ಮೊದಲೇ ಇಳಿಸಿಕೊಂಡಿದ್ದರೆ ಸಿಗ್ನಲ್ ಸಿಗದ ಮಲೆನಾಡಿನ ಮೂಲೆಯಲ್ಲೂ ನಡೆಯುತ್ತದೆ.

ಹಿತ್ತಲಲ್ಲಿ ಒಂದೇ ಸಮನೆ ಕೂಗುತ್ತಿದ್ದುದರ ಮುಂದೆ ಫೋನ್ ಹಿಡಿದೆ. ‘ವೈಟ್ ಚೀಕ್ಡ್ ಬಾರ್ಬೆಟ್’ ಎಂದು ಬಂತು. ಅಡುಗೆಮನೆಗೆ ಓಡಿ ಘೋಷಿಸಿದೆ.

“ಅದು ಕುಟ್ರುಹಕ್ಕಿ ರೀ. ನಾನು ಹೇಳಿದರೆ ಕಿವಿಗೆ ಬೀಳಲ್ಲ, ಅಮೆರಿಕದವರೇ ಹೇಳಬೇಕು” ಎಂದಳು ಹೆಂಡತಿ, ಒಗ್ಗರಣೆ ಸೌಟು ಕೆಳಗಿಡದೆ.

ನಿದ್ದೆ ಬಾರದವರಿಗೆ ರೇಡಿಯೋ ಗಾರ್ಡನ್ ಇದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿ 2016ರಲ್ಲಿ ಲೋಕಕ್ಕೆ ಬಂದ ತಾಣ. ಪರದೆಯ ಮೇಲಿನ ಭೂಗೋಳ ತಿರುಗಿಸಿ ಹಸಿರು ಚುಕ್ಕಿಗೆ ಬಂದರೆ ಆ ಊರಿನ ರೇಡಿಯೋ ನೇರ ಕೇಳಿಸುತ್ತದೆ. ಒಂದಕ್ಷರ ಅರ್ಥವಾಗದಿದ್ದರೂ ಜಾಹೀರಾತು ಯಾವುದು, ವಾರ್ತೆ ಯಾವುದೆಂದು ತಕ್ಷಣ ಗೊತ್ತಾಗುತ್ತದೆ!

ಸ್ಟೆಲೇರಿಯಂ ಆ್ಯಪನ್ನು ಆಕಾಶಕ್ಕೆ ಹಿಡಿದರೆ ಗ್ರಹ, ನಕ್ಷತ್ರಗಳ ಹೆಸರು ಮೂಡುತ್ತವೆ. ತಾರಸಿಯಲ್ಲಿ ಪಕ್ಕದ ಮನೆಯವರು ಹೊಳೆಯುವ ಚುಕ್ಕಿ ತೋರಿಸಿ ಡ್ರೋನ್ ಎಂದು ವಾದಿಸುತ್ತಿದ್ದರು. ಅಲ್ಲ, ಗುರುಗ್ರಹ ಎಂದು ಫೋನ್ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ದಿಟ್ಟಿಸಿದರು.

“ಹಾಗಾದರೆ ಮಗಳಿಗೆ ಗುರುಬಲ ಯಾವಾಗ ಬರುತ್ತೆ, ಅದರಲ್ಲೇ ನೋಡಿ ಹೇಳಿಬಿಡಿ ಸಾರ್.”