ಮದ್ಯಗಣಿತ

ನಿವೃತ್ತ ಗಣಿತೋಪಾಧ್ಯಾಯರು, ಮದ್ಯದಂಗಡಿಯ ಕಟಕಟೆಗೆ ಮೊಣಕೈಯೂರಿ, ಕಿವಿಯ ಮೇಲಿನ ಪೆನ್ಸಿಲನ್ನು ಕೈಗೆತ್ತಿಕೊಂಡು, ಪೂರ್ವಶಿಷ್ಯನಾದ ಗುಮಾಸ್ತನಿಗೆ ಬೋಧಿಸತೊಡಗಿದರು.

“650 ಮಿಲಿಲೀಟರಿನ ಸ್ಟ್ರಾಂಗ್ ಬಿಯರಿನಲ್ಲಿ, ಶೇಕಡಾ 8ರಂತೆ, ಮದ್ಯಸಾರವೆಷ್ಟಯ್ಯ?”

“52 ಮಿಲಿ, ಮೇಷ್ಟ್ರೇ.”

“ಈ 90 ಮಿಲಿಯ ವಿಸ್ಕಿ ಪೊಟ್ಟಣದಲ್ಲಿ, ಶೇಕಡಾ 42.8ರಂತೆ?”

“ಮೂವತ್ತೆಂಟೂವರೆ. ಹಾಗಾದರೆ ಬಿಯರೇ ಲಾಭವಲ್ಲವೆ?”

“ಮೂಢ! ಬಾಟಲಿಯೊಂದರ ಬೆಲೆಗೆ ಹೆಚ್ಚುಕಡಿಮೆ ಪೊಟ್ಟಣಗಳೆರಡು ದೊರೆಯುತ್ತಿರಲು, ಉಳಿದ ನೀರಿಗೂ ಹಣ ತೆರುವವನು ರಸಿಕನಿರಬಹುದು, ಗೃಹಸ್ಥನಲ್ಲ.”

“ಬೆಲೆಯಲ್ಲಿ ಬಹುಪಾಲು ಸುಂಕವೇ ಅಂತಾರಲ್ಲ?”

“ಅದೇ ನನ್ನ ಸಮಾಧಾನ. 2007ರಲ್ಲಿ ಸಾರಾಯಿಯನ್ನು ನಿಷೇಧಿಸಿ ನಮ್ಮನ್ನುದ್ಧರಿಸಿದ ಸರಕಾರದ ಬೊಕ್ಕಸವನ್ನು, ಪ್ರತಿಫಲಾಪೇಕ್ಷೆಯಿಲ್ಲದೆ, ಸಂಜೆ ಸಂಜೆಗೂ ತುಂಬುತ್ತಿರುವೆನು. ತೂರಾಡುವುದಷ್ಟೇ ನನ್ನ ಪಾಲು.”

“ನಂಚಿಕೊಳ್ಳುವ ಕಡಲೆಬೀಜ, ಮನೆಗೆ ಆಟೋ, ಇವು ಲೆಕ್ಕಕ್ಕಿಲ್ಲವೆ, ಮೇಷ್ಟ್ರೇ?”

“ಅವು ಗುರುದಕ್ಷಿಣೆಯಯ್ಯ; ನಿನ್ನ ಖಾತೆಗೆ ಬರೆದುಕೊ.”