ಗಾಳರಾಯರ ಬರಿಗೈ

ಆಷಾಢದ ಮಳೆ ಹಿಡಿದ ಮೇಲೆ ಭಾನುವಾರ ಬೆಳಗಾವಿಯಿಂದ ಖಾನಾಪುರದ ಕಡೆ ಹೊರಡುವವರಲ್ಲಿ ಹೆಚ್ಚಿನವರು ಜಲಪಾತ ನೋಡಿ ಬಿಸಿಬಿಸಿ ಭಜಿ ತಿಂದು ಬರುವವರು. ಅವರ ನಡುವೆ ಮೊಣಕಾಲುದ್ದದ ಬೂಟು, ಮೈತುಂಬ ಕಿಸೆಗಳಿರುವ ಜಾಕೀಟು, ಉದ್ದನೆಯ ಚೀಲದಲ್ಲಿ ಪರದೇಶಿ ಕೋಲು, ಇಷ್ಟನ್ನೂ ಹೊತ್ತವರೊಬ್ಬರು ಇದ್ದೇ ಇರುತ್ತಾರೆ. ಬೆಳಗಾವಿಯ ಟಿಳಕವಾಡಿಯಲ್ಲೂ ಸಿಗುತ್ತಾರೆ, ಕ್ಯಾಂಪಿನಲ್ಲೂ ಸಿಗುತ್ತಾರೆ. ಗಾಳರಾಯರು ಎಂದು ಕರೆಯೋಣ. ಇವರಿಗೆ ಮೀನು ಹಿಡಿಯಲು ಬರುವುದಿಲ್ಲ ಎಂದು ಓಣಿಯವರು ನಗುತ್ತಾರೆ. ಈ ನಗೆಗೆ ಆಧಾರ ಸಾಲದು. ಮೀನು ಬೇಕಾದವನು ಪೇಟೆಗೆ ಹೋಗುತ್ತಾನೆ. ರಾಯರು ಹೊಳೆಗೆ ಹೋಗುವುದು ಅಡಚಣೆ ಹುಡುಕಿಕೊಂಡು, ಮತ್ತು ಅದರಲ್ಲಿ ಅವರಷ್ಟು ಯಶಸ್ವಿ ಮನುಷ್ಯ ಜಿಲ್ಲೆಯಲ್ಲಿಲ್ಲ.

ಅವರ ಸಲಕರಣೆಯನ್ನೇ ನೋಡಿ. ಗಾಳಕ್ಕೆ ಎರೆಹುಳು ಚುಚ್ಚುವುದು ಅವರ ಅಂತಸ್ತಿಗೆ ಒಗ್ಗದು. ಪುಕ್ಕ, ನೂಲು ಸುತ್ತಿ ಮಾಡಿದ ಹುಸಿ ನೊಣವೇ ಆಗಬೇಕು. ಈ ನೊಣಕ್ಕೆ ತೂಕವಿಲ್ಲ. ದಪ್ಪನೆಯ ದಾರದ ಭಾರದಿಂದಲೇ ಅದು ಹಾರಬೇಕು. ಹಾಗೆ ಹಾರಲು ದಾರವನ್ನು ಮೊದಲು ಬೆನ್ನ ಹಿಂದೆ ಉದ್ದಕ್ಕೆ ಬೀಸಬೇಕು. ಖಾನಾಪುರದ ಹೊಳೆದಂಡೆಯಲ್ಲಿ ಬೆನ್ನ ಹಿಂದೆ ಇರುವುದು ಬಿದಿರುಮೆಳೆ. ಹೀಗಾಗಿ ರಾಯರ ಮೊದಲ ಬೇಟೆ ಯಾವಾಗಲೂ ಬಿದಿರೇ. ಇನ್ನು ಈ ವಿದ್ಯೆಯ ಪಟ್ಟದ ಮೀನು ಟ್ರೌಟ್. ಅದು ಕಣ್ಣಿನಿಂದ ನೋಡಿ ಬೇಟೆಯಾಡುವ, 20 ಡಿಗ್ರಿಗಿಂತ ತಣ್ಣಗಿನ ತಿಳಿನೀರು ಬೇಡುವ ಮೀನು. ಬ್ರಿಟಿಷರು 20ನೇ ಶತಮಾನದ ಆರಂಭದಲ್ಲಿ ಅದನ್ನು ನೀಲಗಿರಿಯ ಎತ್ತರದ ಹೊಳೆಗಳಲ್ಲಿ ನೆಲೆಯೂರಿಸಿದರು. ಬೆಳಗಾವಿಯ ಎತ್ತರ ಸುಮಾರು 750 ಮೀಟರ್. ಇಲ್ಲಿನ ಬೇಸಿಗೆಯನ್ನು ಅದು ತಡೆಯದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯೋ ಈ ತಿಂಗಳಲ್ಲಿ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅಂದರೆ ಇಲ್ಲದ ಮೀನಿಗೆ, ಕಾಣದ ನೀರಿನಲ್ಲಿ, ಸುಳ್ಳು ನೊಣ ತೋರಿಸುವ ಕೆಲಸ. ಇಷ್ಟು ಅಡಚಣೆ ಒಂದೇ ಕಡೆ ಕೂಡಿಬರುವುದು ಸುಮ್ಮನೆ ಆಗುವ ಮಾತಲ್ಲ. ಅದಕ್ಕೆ ಆಯ್ಕೆ ಬೇಕು, ಅಭಿರುಚಿ ಬೇಕು.

ಪಕ್ಕದಲ್ಲೇ ಕಂಬಳಿ ಹೊದ್ದು ಕೂತ ಹಳ್ಳಿಯ ಮುದುಕ ಬಿದಿರುಕೋಲು, ಎರೆಹುಳುವಿನಲ್ಲೇ ನಾಲ್ಕು ಮೀನು ಎತ್ತುತ್ತಾನಲ್ಲ ಎಂದು ಆಕ್ಷೇಪಿಸಬಹುದು. ನಿಜ. ಆದರೆ ಆತನಿಗೆ ಸಂಜೆಯ ಸಾರಿಗೆ ಮೀನು ಬೇಕು, ರಾಯರಿಗೆ ಸಂಜೆಯ ಮಾತಿಗೆ ಕಾರಣ ಬೇಕು. “ಏನ್ರೀ ರಾಯರ, ಸಿಕ್ತೇನ್ರಿ?” ಎಂದರೆ ಮುದುಕನ ಬಳಿ ತೋರಿಸಲು ಬುಟ್ಟಿಯಷ್ಟೇ ಇದೆ, ರಾಯರ ಬಳಿ “ನೀರು ಭಾಳ ರಾಡಿ ಆಗಿತ್ರಿ” ಎಂದು ಶುರುವಾಗಿ, ಗಾಳಿಯ ದಿಕ್ಕು, ಮೋಡದ ಬಣ್ಣ, ದಾರದ ದಪ್ಪ ಎಲ್ಲವನ್ನೂ ಹಾದು ಬರುವ ಒಂದು ತಾಸಿನ ವಿವರಣೆ ಇದೆ. ಅದೂ ಸಾಲದಿದ್ದರೆ ಭೀಮಗಡವಿದೆ: 2011ರಲ್ಲಿ ಅಭಯಾರಣ್ಯವಾದ ಆ ಕಾಡಿನೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಆದ್ದರಿಂದ ರಾಯರ ಪ್ರಕಾರ ನಿಜವಾದ ದೊಡ್ಡ ಮೀನುಗಳೆಲ್ಲ ಅಲ್ಲಿಯೇ ಇವೆ.

ದುಡ್ಡು ದಂಡ ಎನ್ನುವವರ ಆಕ್ಷೇಪವೂ ನಿಲ್ಲುವುದಿಲ್ಲ. ಮುಂಗಾರಿನ ಹೊಸನೀರಿಗೆ ಹೊಳೆಯ ಎಷ್ಟೋ ಮೀನುಗಳು ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹತ್ತುತ್ತವೆ. ಆ ಕಾಲಕ್ಕೆ ಹಿಡಿದ ಒಂದು ತಾಯಿಮೀನು ಎಂದರೆ ಸಾವಿರಾರು ಮರಿಗಳ ಲೆಕ್ಕ. ಕರಾವಳಿಯಲ್ಲಿ ಇದೇ ಕಾರಣಕ್ಕೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳನ್ನು ಸರ್ಕಾರ ಕಟ್ಟಿಹಾಕುತ್ತದೆ. ಅಲ್ಲಿ ಆದೇಶ, ಕಾವಲು, ದಂಡ ಇಷ್ಟೆಲ್ಲ ಸೇರಿ ಮಾಡುವ ಕೆಲಸವನ್ನು ರಾಯರು ತಮ್ಮ ಪಾಲಿನ ಹೊಳೆಯಲ್ಲಿ ಸ್ವಂತ ಖರ್ಚಿನಿಂದ ಮಾಡುತ್ತಾರೆ. ಆದ್ದರಿಂದ ಅವರನ್ನು ನೋಡಿ ನಗುವವರಲ್ಲಿ ಒಂದು ವಿನಂತಿ: ಬೇಕಾದರೆ ನಗಿ, ಆದರೆ ದಯವಿಟ್ಟು ಎರೆಹುಳುವಿನ ಗುಟ್ಟನ್ನು ಮಾತ್ರ ಹೇಳಿಕೊಡಬೇಡಿ.