ಗಿಟುಕು ಮೀಮಾಂಸೆ: ಮೊಬೈಲ್ ಸುರಕ್ಷತೆಯ ದಂಡಿನಶಿವರ ಸಂಪ್ರದಾಯ

ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಹೋಬಳಿಯಲ್ಲಿ, ಮಕ್ಕಳಿಗೆ ಮೊಬೈಲ್ ಸುರಕ್ಷತೆ ಕಲಿಸುವ ವಿಷಯದಲ್ಲಿ ವಿದ್ವಾಂಸರು ಎರಡು ಪಂಗಡವಾಗಿದ್ದಾರೆ. ಮೊಬೈಲನ್ನು ಕಸಿದುಕೊಳ್ಳಬೇಕು ಎನ್ನುವುದು ಮೊದಲ ಪಂಗಡ. ಎರಡನೆಯ ಪಂಗಡ ರೀಲ್ಸ್ ನೋಡುತ್ತಿರುವುದರಿಂದ ಅದರ ಅಭಿಪ್ರಾಯ ಇನ್ನೂ ಕೈಸೇರಿಲ್ಲ. ಹೀಗಾಗಿ ಸಿದ್ಧಾಂತ ಸ್ಥಾಪಿಸುವ ಹೊಣೆ ಈ ಬಡಪಾಯಿ ಸಂಶೋಧಕನ ಹೆಗಲಿಗೆ ಬಿತ್ತು.

ಮೊದಲು ಊರ ಹೆಸರು. ದಂಡು ಎಂದರೆ ಸೈನ್ಯ. ಹೆಸರಲ್ಲೇ ದಂಡಿರುವ ಊರಿಗೆ ಫೈರ್‌ವಾಲ್ ಏನು ಹೊಸದೇ? ಈ ವಾದಕ್ಕೆ ಶಾಸನಾಧಾರ ಯಾವುದೂ ಇಲ್ಲ. ಆದ್ದರಿಂದ ಖಂಡಿಸುವುದೂ ಕಷ್ಟ.

ಕಸಿದುಕೊಳ್ಳುವವರ ಪೂರ್ವಪಕ್ಷ 2020ರಲ್ಲೇ ನೆಲಕಚ್ಚಿತು. ಮೊಬೈಲ್ ತಂದ ಹುಡುಗನ ಕಿವಿ ಹಿಂಡುತ್ತಿದ್ದ ಮೇಷ್ಟ್ರೇ, ಕೊರೊನಾ ಬಂದು ಶಾಲೆ ಮುಚ್ಚಿದ ಮೇಲೆ, “ನಿಮ್ಮನೇಲಿ ಒಂದು ಮೊಬೈಲೂ ಇಲ್ವೇನೋ?” ಎಂದು ಗದರಿದರು. ಇದನ್ನು ಶಾಸ್ತ್ರದಲ್ಲಿ ವದತೋವ್ಯಾಘಾತ ಎನ್ನುತ್ತಾರೆ. ಊರಲ್ಲಿ ಬೇರೇನೋ ಎನ್ನುತ್ತಾರೆ.

ಇನ್ನು ಸಿದ್ಧಾಂತ. ಅದು ಅಡಗಿರುವುದು ನಮ್ಮ ಸೀಮೆಯ ತೆಂಗಿನಕಾಯಿಯಲ್ಲೇ. ಕಾಯಿಗೆ ಮೂರು ಕಣ್ಣು. ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಹೊರಡುವುದೂ ಅಲ್ಲಿಂದಲೇ, ಹುಡುಗರು ಕಡ್ಡಿ ಚುಚ್ಚಿ ನೀರು ಹೀರುವುದೂ ಅಲ್ಲಿಂದಲೇ. ಚಿಪ್ಪು ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಮೊಬೈಲಿಗೂ ಬೆರಳಚ್ಚು ಒಂದು ಕಣ್ಣು, ಪಾಸ್‌ವರ್ಡ್ ಇನ್ನೊಂದು. ಮೆತ್ತಗಿನ ಮೂರನೆಯದು, ಅದನ್ನು ಕೈಯಲ್ಲಿ ಹಿಡಿದ ಮನುಷ್ಯ. ಕಾಯಿ ಸುಲಿಯುವುದಕ್ಕೂ ಜನರ ಸುಲಿಗೆಗೂ ಕನ್ನಡ ಒಂದೇ ಧಾತುವನ್ನು ಇಟ್ಟಿರುವುದು ಸುಮ್ಮನೆ ಅಲ್ಲ. ಆದರೆ ಕಾಯಿ ಸುಲಿಯಲು ರಟ್ಟೆ ಬೇಕು. ಈ ಸುಲಿಗೆಗೆ ಒಂದು ಓಟಿಪಿ ಸಾಕು.

ನುಸಿಪ್ರಕರಣ: 1990ರ ದಶಕದ ಕೊನೆಗೆ ನಮ್ಮ ತೋಟಗಳಿಗೆ ಹೊಕ್ಕ ನುಸಿ, ಕಾಯಿಯ ತೊಟ್ಟಿನಡಿ ಅಡಗಿ ರಸ ಹೀರುತ್ತದೆ. ಸಿಪ್ಪೆಯ ಮೇಲೆ ಕಲೆ ಕಾಣುವ ಹೊತ್ತಿಗೆ ಅದರ ಸಂಸಾರ ದೊಡ್ಡದಾಗಿರುತ್ತದೆ. ವಾಟ್ಸಾಪಿನಲ್ಲಿ ಮದುವೆ ಕಾಗದದ ವೇಷದಲ್ಲಿ ಬರುವ ಎಪಿಕೆ, ಅಂದರೆ ಮೊಬೈಲಿಗೆ ಆ್ಯಪ್ ಇಳಿಸುವ ಫೈಲ್, ಇದೇ ಕುಲದ್ದು. ಒತ್ತಿ ಒಳಗೆ ಬಿಟ್ಟುಕೊಂಡರೆ ವಧೂವರರು ಕಾಣುವುದಿಲ್ಲ. ಒಳಗೆ ಕೂತ ಆ್ಯಪ್ ಬಂದ ಮೆಸೇಜನ್ನೆಲ್ಲ ಓದಿ, ನೀವು ಬಾಯಿ ಬಿಡುವ ಮೊದಲೇ ಓಟಿಪಿಯನ್ನು ಕಳ್ಳನಿಗೆ ಮುಟ್ಟಿಸುತ್ತದೆ.

ಪ್ರತ್ಯಕ್ಷ ಪ್ರಮಾಣ ನಮ್ಮ ಜಗಲಿಯಲ್ಲೇ ದೊರೆಯಿತು. ಎಂಟನೇ ಕ್ಲಾಸಿನ ಮೊಮ್ಮಗಳು ಕೂಗಿದಳು: “ತಾತ, ಮುಟ್‌ಬ್ಯಾಡ! ಅದು ಎಪಿಕೆ.”

“ಮದುವೆ ಕಾಗದ ಕಣವ್ವ. ನೋಡ್ದಿದ್ರೆ ಏನಂದ್ಕೊತಾರೆ?”

“ಗಂಡು ಯಾರು, ಹೆಣ್ಣು ಯಾರು? ಮೊದ್ಲು ಅದನ್ನ ಹೇಳು.”

ಸಂಶೋಧಕನಲ್ಲಿ ಉತ್ತರವಿರಲಿಲ್ಲ. ಹಿಂದಿನ ಸಂಜೆ ಅವಳಿಗೆ ಮೊಬೈಲ್ ಶಿಸ್ತಿನ ಬಗ್ಗೆ ಒಂದು ಗಂಟೆ ಉಪನ್ಯಾಸ ಕೊಟ್ಟವರು ಯಾರು ಎಂಬುದು ಇಲ್ಲಿ ಅಪ್ರಸ್ತುತ. 18 ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. 60 ದಾಟಿದವರು ಲಿಂಕ್ ಒತ್ತಲು ಮೊಮ್ಮಕ್ಕಳ ಒಪ್ಪಿಗೆ ಬೇಕೆಂಬ ತಿದ್ದುಪಡಿಯನ್ನು ಯಾರಾದರೂ ಸಂಸದರು ಮಂಡಿಸಬೇಕು.

ಈಗ ಪ್ರಧಾನ ಸೂತ್ರ: ಬಂದದ್ದನ್ನು ಅಟ್ಟಕ್ಕೆ ಹಾಕು. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಅವಸರದಲ್ಲಿ ಆಗುವಂಥದ್ದಲ್ಲ. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿರುತ್ತದೆ. ನೀರು ಇಂಗಿ, ತಿರುಳು ಒಣಗಿ ಗಿಟುಕಾಗಿ ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಲೊಟಲೊಟ ಎನ್ನುತ್ತದೆ. ಕಳ್ಳನ ಬಂಡವಾಳವೆಲ್ಲ ಇದಕ್ಕೆ ವಿರುದ್ಧ: “ಇವತ್ತು ರಾತ್ರಿ ಕರೆಂಟ್ ಕಟ್”, “ಹತ್ತು ನಿಮಿಷದಲ್ಲಿ ಖಾತೆ ಬ್ಲಾಕ್”. ಅಂಥದ್ದನ್ನು ಅಟ್ಟಕ್ಕೆಸೆದು, ಮೆಸೇಜಿನಲ್ಲಿರುವ ನಂಬರಿಗಲ್ಲ, ನಮಗೆ ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಅಲುಗಾಡಿಸಿ ನೋಡುವುದು. ಯುಪಿಐನಲ್ಲಿ ದುಡ್ಡು ಬರಲು ಪಿನ್ ಬೇಕಿಲ್ಲ. ದುಡ್ಡು ಬರುತ್ತದೆಂದು ಹೇಳಿ ಪಿನ್ ಕೇಳಿದರೆ, ಅದು ಹೊರಟಿದೆ ಎಂದೇ ಅರ್ಥ. ಸಹಪಾಠಿಯ ಫೋಟೋ ಹಂಚುವ ಮೊದಲೂ ಇದೇ ಅಟ್ಟ, ಏಕೆಂದರೆ ಒಡೆದ ಕಾಯಿಯನ್ನು ಮತ್ತೆ ಅಟ್ಟಕ್ಕೇರಿಸುವ ವಿದ್ಯೆ ನಮ್ಮ ಸೀಮೆಯಲ್ಲಿ ಯಾರಿಗೂ ಒಲಿದಿಲ್ಲ.

ಸೂತ್ರಕ್ಕೊಂದು ಅಪವಾದವಿದೆ. ಇಷ್ಟಾಗಿಯೂ ದುಡ್ಡು ಹೋಯಿತೆನ್ನಿ: ಮಾನಕ್ಕೆ ಅಂಜಿ ಕೂರದೆ, ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಇದೊಂದನ್ನು ಮಾತ್ರ ಅಟ್ಟಕ್ಕೆ ಹಾಕಬೇಡಿ.